ಮೂರನೆಯ ವ್ಯತ್ಯಾಸ

ಒಂದು ಕಾಗದದ ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಇದರಲ್ಲಿರುವ ಮಾತು ಅದರಲ್ಲಿಲ್ಲ ಎಂದು ತೋರಿಸುವ ತಂತ್ರಾಂಶ ನಮ್ಮ ಅಪ್ಪಂದಿರ ಕಾಲದಿಂದಲೂ ಇದೆ. ಹೋದ ಮಾತು ಕೆಂಪು, ಬಂದ ಮಾತು ಹಸಿರು, ಅಷ್ಟೇ. ಅದನ್ನು ನೋಡಿ ಯಾರೂ ಅತ್ತದ್ದಿಲ್ಲ. ಆದರೆ ಆ ಕೆಂಪು ಮಾತು ಹೋಗದೇ ಇದ್ದಿದ್ದರೆ ಏನಾಗುತ್ತಿತ್ತು, ಯಾರು ಇವತ್ತು ಎಲ್ಲಿರುತ್ತಿದ್ದರು ಎಂದು ಹೇಳುವ ತಂತ್ರಾಂಶ ಬಂದರೆ?

ಬಂತು. ಧಾರವಾಡದಲ್ಲಿ ನದಾಫ್ ಎಂಬ ಸಂಶೋಧಕರು ಹಳೆಯ ಹಸ್ತಪ್ರತಿಗಳ ಪಾಠಾಂತರ ಹುಡುಕಲೆಂದು ಅದನ್ನು ಕಟ್ಟಿದ್ದರು. ಒಂದೇ ಪದ್ಯವನ್ನು ಹತ್ತು ಲಿಪಿಕಾರರು ಹತ್ತು ಥರ ಬರೆದಿದ್ದರೆ, ಯಾರು ಎಲ್ಲಿ ಜಾರಿದರು ಎಂದು ಅದು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೇಳುತ್ತಿತ್ತು. 'ತಾಳೆ' ಎಂದು ಹೆಸರಿಟ್ಟರು. ಆಮೇಲೆ ಕೋರ್ಟಿನವರು ಅದರ ಮೇಲೆ ಕಣ್ಣು ಹಾಕಿದರು, ಸರ್ಕಾರವೂ ಹಾಕಿತು. ತಾಳೆಯ ಬೆನ್ನಿಗೆ ಒಂದು ನೆರಳೂರನ್ನು ಕಟ್ಟಿದರು: ನಿಜವಾದ ಊರಿನದೇ ಓಣಿ, ಅದೇ ಹಳ್ಳ, ಅದೇ ಮಂದಿ, ಯಾರ ನಡಿಗೆ ಎಷ್ಟು ಬಿರುಸು, ಯಾರ ಮಾತನ್ನು ಯಾರು ಕೇಳುತ್ತಾರೆ, ಎಲ್ಲವೂ ಯಂತ್ರದೊಳಗೆ. ಕಾಗದದ ಮೊದಲ ಪ್ರತಿಯನ್ನು ಆ ಊರಿಗೆ ಕಳಿಸಿ ಏನಾಗುತ್ತದೆ ನೋಡುವುದು. ತಿದ್ದಿದ ಪ್ರತಿಯನ್ನು ಕಳಿಸಿ ಏನಾಗುತ್ತದೆ ನೋಡುವುದು. ಹೀಗೆ ಸಾವಿರ ಸಲ. ಕಡೆಗೆ ಒಂದೊಂದು ತಿದ್ದುಪಡಿಯ ಮುಂದೆ ಒಂದೊಂದು ಅಂಕಿ ಮೂಡುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಗಾದೆಗೇ ಯಂತ್ರ ಮಾಡಿಟ್ಟ ಹಾಗೆ.

ಅದು ಬಂದ ಮೇಲೆ ಮಂದಿಯ ನಡವಳಿಕೆಯೇ ಬದಲಾಯಿತು. ಕಚೇರಿಗಳಲ್ಲಿ ಗುಮಾಸ್ತರು ತಪ್ಪು ಕಂಡರೂ ತಿದ್ದದೆ ಹಾಗೇ ಮುಂದೆ ತಳ್ಳತೊಡಗಿದರು. ಡಾಕ್ಟರು ಚೀಟಿಯಲ್ಲಿ ಒಂದು ಗುಳಿಗೆಯ ಹೆಸರು ಹೊಡೆದು ಇನ್ನೊಂದು ಬರೆಯಲು ಅಂಜಿದರು. ಮದುವೆ ಕಾರ್ಡಿನಿಂದ ಸೋದರಮಾವನ ಹೆಸರು ತೆಗೆಸಿದ್ದು ಯಾರು, ಅದರಿಂದ ಎಷ್ಟು ಮನೆ ಮುನಿದವು ಎಂದು ತಾಳೆ ಹಾಕಿಸಿ ಬೀಗರು ಬೀಗರು ಜಡೆ ಹಿಡಿದಾಡಿದ್ದೂ ಉಂಟು. ನಕ್ಕು ಮರೆಯುವಂಥ ಸಂಗತಿಗಳೇ ಹೆಚ್ಚು. ದಾಕ್ಷಾಯಣಿಯದು ಮಾತ್ರ ನಗುವ ಸಂಗತಿಯಲ್ಲ.

ದಾಕ್ಷಾಯಣಿ ಹೊಸಕೇರಿಯ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯಲ್ಲಿ ತಿದ್ದುಪಡಿ ಮೇಜಿನ ಮೇಲ್ವಿಚಾರಕಿ. ಡ್ಯಾಮಿನಿಂದ, ಠಾಣೆಯಿಂದ, ಹಳ್ಳಿಯಿಂದ ಒರಟೊರಟಾಗಿ ಬರುವ ಎಚ್ಚರಿಕೆಗಳನ್ನು ನೇರ್ಪುಗೊಳಿಸಿ ಜನರ ಮೊಬೈಲಿಗೆ ಬಿಡುವ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಳು. ಅವಳ ಕೈಯಿಂದ ಹೊರಟ ಕನ್ನಡದಲ್ಲಿ ಒಂದು ಹರಳೂ ಸಿಗುವುದಿಲ್ಲ, ಸೋಸಿದ ಅಕ್ಕಿ ಎಂದು ಸಾಹೇಬರು ಹೊಗಳುತ್ತಿದ್ದರು. ಆ ಹೊಗಳಿಕೆ ಅವಳಿಗೆ ಇಷ್ಟವಾಗಿತ್ತು. ಯಾರಿಗೆ ಆಗುವುದಿಲ್ಲ?

ಅವಳ ಗಂಡ ಶೇಖಪ್ಪ ಟೇಲರ್. ಮನೆಯ ಮುಂದಿನ ಪಡಸಾಲೆಯೇ ಅಂಗಡಿ. ಎಂಟು ತಿಂಗಳಿನಿಂದ ದಿನಾ ಬೆಳಿಗ್ಗೆ ಅವನದು ಒಂದೇ ಪಾಠ. ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುತ್ತಾ, ಬಾಬಿನ್ನಿಗೆ ದಾರ ಸುತ್ತುತ್ತಾ, ಗೋಡೆಯ ಮೇಲಿನ ಮಗಳ ಫೋಟೋ ಕಡೆ ನೋಡದೆ ಹೇಳುತ್ತಿದ್ದ:

"ಆ ಮಾತು ಅಳಿಸಿದ ಕೈ ಯಾರದಽ ಇರಲಿ, ಸೇದಿ ಹೋಗ್ಲಿ. ತುತ್ತು ಬಾಯಿಗೆ ಒಯ್ಯಾಕ ಬರದಂಗ ಆಗ್ಲಿ."

ದಾಕ್ಷಾಯಣಿ ಅದೇ ಹೊತ್ತಿಗೆ ಚಹಾ ತಂದು ಅವನ ಮುಂದಿಡುತ್ತಿದ್ದಳು, ಬಲಗೈಯಿಂದ.

ಅವನಿಗೆ ಗೊತ್ತಿದ್ದದ್ದು ಇಷ್ಟು. ಅವರ ಒಬ್ಬಳೇ ಮಗಳು ಗೌರಾ ಕೆಂಚನಾಳದ ಶಾಲೆಯಲ್ಲಿ ಟೀಚರು, ಇದ್ದದ್ದೂ ಅದೇ ಊರಿನಲ್ಲಿ. ಕರಿಹಳ್ಳದ ಒಡ್ಡು ಒಡೆದ ಭಾನುವಾರ ಊರಿನ ನಲವತ್ತು ಮಂದಿ ಓಡಿಬಂದು ಆ ಶಾಲೆಯಲ್ಲಿ ಸೇರಿಕೊಂಡರು. ಬೀಗ ತೆಗೆದು ಒಳಗೆ ಕರೆದುಕೊಂಡವಳು ಗೌರಾ. ಶಾಲೆ ಇದ್ದದ್ದು ಹಳ್ಳದ ದಂಡೆಯ ತಗ್ಗಿನಲ್ಲಿ. ನಲವತ್ತೊಂದು ಹೆಣ. ಆ ಒಡ್ಡಿನ ಗೇಟ್ ಕಾಯುವ ಹನಮಪ್ಪ ವಾಲೀಕಾರ, "ಸಾಲಿಗೆ ಹೋಗಬ್ಯಾಡ್ರಿ ಅಂತ ನಾ ಬರದು ಕಳಿಸಿದ್ದೆ" ಎಂದು ಎದೆ ಬಡಿದುಕೊಂಡ. ಆದರೆ ಕಚೇರಿಯಲ್ಲಿ ಉಳಿಯುವುದು ಕೊನೆಯ ಪ್ರತಿ ಒಂದೇ, ಅದರಲ್ಲಿ ಆ ಮಾತು ಇರಲಿಲ್ಲ. ಅವನನ್ನೇ ಕೆಲಸದಿಂದ ಅಮಾನತು ಮಾಡಿ ಕೂಡಿಸಿದರು. ಶೇಖಪ್ಪ ಮಾತ್ರ ಹನಮಪ್ಪನ ಮಾತು ನಂಬಿದ್ದ.

ಅವನಿಗೆ ಗೊತ್ತಿಲ್ಲದ್ದೂ ಒಂದಿತ್ತು. ಆ ಹೊತ್ತಿನಲ್ಲಿ ನೀನೆಲ್ಲಿದ್ದಿ ಎಂದು ಅವನು ಮೊದಲ ದಿನವೇ ಕೇಳಿದ್ದ. "ನಾ ಚಹಾಕ್ಕ ಎದ್ದು ಹೋಗಿದ್ದೆ" ಎಂದಿದ್ದಳು ದಾಕ್ಷಾಯಣಿ. ಹೆಣದ ಮುಂದೆ ಕೂತು ಆಡಿದ ಸುಳ್ಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಅವಳಿಗೆ ಸಿಗಲಿಲ್ಲ.

ಈಗ ವಿಚಾರಣೆಯವರು ನಿಯಂತ್ರಣ ಕೊಠಡಿಯ ಕಂಪ್ಯೂಟರನ್ನು ಧಾರವಾಡಕ್ಕೆ ಒಯ್ದು, ಅಳಿಸಿಹೋದ ಪ್ರತಿಗಳನ್ನೆಲ್ಲ ಮೇಲೆತ್ತಿ ತಾಳೆಗೆ ಹಾಕಿದ್ದರು. ಆ ದಿನ ಮೇಜಿನಲ್ಲಿದ್ದವರು ಬಂದು ನೋಡಿ ಹೇಳಿಕೆ ಕೊಡಬೇಕೆಂದು ಓಲೆ ಬಂತು.

"ಹೋಗಿ ಬಾ," ಅಂದ ಶೇಖಪ್ಪ, ಅವಳ ಚೀಲಕ್ಕೆ ಬುತ್ತಿ ಇಡುತ್ತಾ. ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ. "ಮತ್ತೇನೂ ಕೇಳಬ್ಯಾಡ. ಹೆಸರೊಂದು ಕೇಳ್ಕೊಂಡು ಬಾ. ನನಗ ಆ ಹೆಸರು ಬೇಕು."

"ಹೆಸರು ತಗೊಂಡು ಏನ್ ಮಾಡ್ತೀರಿ?"

"ಏನೂ ಮಾಡಾಂಗಿಲ್ಲ. ಅವರ ಮನಿ ಮುಂದ ಹೋಗಿ ನಿಂತು, ನಿಮಗ ಮಕ್ಕಳದಾವೇನ್ರಿ ಅಂತ ಒಂದು ಮಾತು ಕೇಳ್ತೀನಿ."

ಬಸ್ಸಿನಲ್ಲಿ ಕೂತು ದಾಕ್ಷಾಯಣಿ ಆ ಭಾನುವಾರವನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡಳು. ಎಂಟು ತಿಂಗಳಲ್ಲಿ ಎಷ್ಟು ಸಲ ತಂದುಕೊಂಡಿದ್ದಳೋ.

ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಹನಮಪ್ಪನ ಎಚ್ಚರಿಕೆ ಬಂದಿತ್ತು: "ಕೆಂಚನಾಳದವರೇ, ಒಡ್ಡು ಬಿರಿದೈತಿ. ಇದ್ದದ್ದು ಇದ್ದಂಗ ಬಿಟ್ಟು ಜೋಗಪ್ಪನ ಗುಡ್ಡ ಹತ್ರಿ. ಸಾಲಿ ಕಡೆ ಹೋಗಬ್ಯಾಡ್ರಿ." ಅವಳು ನಿಯಮದ ಪ್ರಕಾರ ಕೂತಳು. ಸ್ಥಳೀಯ ಹೆಸರು ಬಳಸಬಾರದು, ಯಾಕೆಂದರೆ ಜಿಲ್ಲೆಯಲ್ಲಿ ಮೂರು ಜೋಗಪ್ಪನ ಗುಡ್ಡಗಳಿವೆ, ಹಿಂದೊಮ್ಮೆ ಮಂದಿ ಗೊಂದಲಗೊಂಡು ದೊಡ್ಡ ರಂಪವಾಗಿತ್ತು. ಹಾಗಾಗಿ ಗುಡ್ಡ ಹೋಗಿ 'ಸುರಕ್ಷಿತ ಸ್ಥಳ' ಬಂತು. ಕೂಗಿದ ಹಾಗೆ ಬರೆಯಬಾರದು, ನೂಕುನುಗ್ಗಲಾಗುತ್ತದೆ. ಹಾಗಾಗಿ 'ತೆರಳಬೇಕೆಂದು ಕೋರಲಾಗಿದೆ' ಬಂತು. ಶಾಲೆಯ ಮಾತನ್ನು ಅವಳು ಮೊದಲು ಉಳಿಸಿಕೊಂಡೇ ಇದ್ದಳು. 'ಶಾಲೆಯ ಕಡೆ ಹೋಗಬಾರದು' ಎಂದು ತಿದ್ದಿಯೂ ಇದ್ದಳು.

ಆಮೇಲೆ ಮಗಳಿಗೆ ಫೋನ್ ಮಾಡಿದಳು. ಎಂಗೇಜ್ ಬಂತು. ಮತ್ತೆ ಮಾಡಿದಳು. ಎಂಗೇಜ್.

ಫೋನ್ ಹಿಡಿದು ಕೂತ ಆ ಗಳಿಗೆಯಲ್ಲಿ ಅವಳಿಗೆ ಜುಲೈ ತಿಂಗಳು ನೆನಪಾಯಿತು. ಆಗಲೂ ಇದೇ ಹನಮಪ್ಪ ಹಳ್ಳ ಬಂತು, ಸಾಲಿ ಬ್ಯಾಡ ಎಂದು ಬರೆದಿದ್ದ. ಅವಳು ಹಾಗೇ ಬಿಟ್ಟಿದ್ದಳು. ಹಳ್ಳ ಬರಲಿಲ್ಲ, ಗಾಳಿಮಾತು ಬಂತು. ಹೊಸ ಶಾಲೆ ಕುಸಿಯುತ್ತದಂತೆ ಎಂದು ಹದಿನೈದು ದಿನ ಒಂದು ಮಗುವೂ ಶಾಲೆಗೆ ಬರಲಿಲ್ಲ. ಗೌರಾ ಮನೆಮನೆಗೆ ಹೋಗಿ, ಕೈಕಾಲು ಹಿಡಿದು, ಅರವತ್ತೊಂದು ಮಕ್ಕಳನ್ನು ಮತ್ತೆ ಕೂಡಿಸಿದ್ದಳು. ಫೋನಿನಲ್ಲಿ ಅತ್ತಿದ್ದಳು. "ಅವ್ವಾ, ನಿಮ್ಮ ಆಫೀಸಿನವರು ಇನ್ನೊಮ್ಮೆ ಸಾಲಿ ಹೆಸರು ಬರದ್ರ ನಾ ಈ ಊರು ಬಿಟ್ಟು ಬರೂದಽ ನೋಡು. ನನ್ನ ಮಕ್ಕಳು ಮತ್ತ ಬರಂಗಿಲ್ಲ."

ಇವತ್ತು ಭಾನುವಾರ. ಶಾಲೆಗೆ ಬೀಗ. ಬೀಗ ಹಾಕಿದ ಕಟ್ಟಡಕ್ಕೆ ಯಾರು ಹೋಗುತ್ತಾರೆ? ಸುಮ್ಮನೆ ಶಾಲೆಯ ಹೆಸರು ಯಾಕೆ ಕೆಡಿಸುವುದು? ಹೀಗೆಂದುಕೊಂಡು, ಮಗಳ ಮೇಲಿನ ಅಕ್ಕರೆಯಿಂದಲೇ, ದಾಕ್ಷಾಯಣಿ ಆ ಸಾಲನ್ನು ಅಳಿಸಿ ಗುಂಡಿ ಒತ್ತಿದಳು. ಮೂರು ಇಪ್ಪತ್ತೊಂದಕ್ಕೆ ಕೆಂಚನಾಳದ ಎಲ್ಲ ಫೋನುಗಳೂ ಒಟ್ಟಿಗೆ ಕೂಗಿಕೊಂಡವು.

ಬೀಗದ ಕೈ ಮಗಳ ಹತ್ತಿರವೇ ಇರುತ್ತದೆ ಎಂಬುದು ಅವಳಿಗೆ ಆ ನಿಮಿಷ ಹೊಳೆಯಲೇ ಇಲ್ಲ.

ಅವಳಿಗಿದ್ದದ್ದು ಒಂದೇ ಆಸರೆ. ಆ ಸಾಲು ಇದ್ದಿದ್ದರೂ ಮಂದಿ ಶಾಲೆಗೇ ಹೋಗುತ್ತಿದ್ದರೇನೋ. ಊರಿನಲ್ಲಿ ಗಟ್ಟಿ ಸ್ಲ್ಯಾಬು ಇದ್ದದ್ದು ಅದೊಂದಕ್ಕೇ. ಯಾರು ಬಲ್ಲರು? ಈ 'ಯಾರು ಬಲ್ಲರು' ಎಂಬುದನ್ನು ಹಿಡಿದುಕೊಂಡೇ ಅವಳು ಎಂಟು ತಿಂಗಳು ಉಂಡಿದ್ದಳು, ಮಲಗಿದ್ದಳು. ಇವತ್ತು ಬಲ್ಲಂಥದೊಂದು ಯಂತ್ರದ ಮುಂದೆ ಹೋಗಿ ಕೂರಬೇಕು.

ತಾಳೆಯ ಕೋಣೆ ಅವಳು ಅಂದುಕೊಂಡಂತೆ ಇರಲಿಲ್ಲ. ಒಂದು ಕಪಾಟಿನಲ್ಲಿ ಹಳೆಯ ಕೈಕಾಗದದ ಹಸ್ತಪ್ರತಿ ಕಟ್ಟುಗಳು, ಗೋಡೆಯಗಲದ ಪರದೆ, ನೀರಿನ ಹೂಜಿ. ನದಾಫ್ ಐವತ್ತರ ಆಸುಪಾಸಿನವರು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದರು.

"ಕುಂದ್ರಿ ಮೇಡಂ. ನೀರು ಕುಡೀರಿ ಮೊದಲ," ಎಂದರು. "ನಿಮ್ಮ ಮಗಳೂ ಆ ನಲವತ್ತೊಂದರಾಗ ಇದ್ರು ಅಂತ ನನಗ ಗೊತ್ತೈತ್ರಿ. ನೀವು ಬ್ಯಾಡ ಅಂದ್ರ ಬರೇ ಕಾಗದ ತೋರಿಸ್ತೀನಿ, ಊರು ತೋರಸಂಗಿಲ್ಲ."

"ಎಲ್ಲಾ ತೋರಿಸ್ರಿ," ಎಂದಳು ದಾಕ್ಷಾಯಣಿ.

ಪರದೆಯ ಮೇಲೆ ಎಡಕ್ಕೆ ಹನಮಪ್ಪನ ಮಾತು, ಬಲಕ್ಕೆ ಮೊಬೈಲಿಗೆ ಹೋದ ಮಾತು. ನಡುವೆ ಕೆಂಪು, ಹಸಿರು. ತನ್ನ ನೇರ್ಪಾದ ಕನ್ನಡವನ್ನು ಅವಳು ತಕ್ಷಣ ಗುರುತಿಸಿದಳು. ಅದು ಚೆಂದವಾಗಿತ್ತು. ಅದರ ಚೆಂದದ ಮೇಲಿಂದ ಅವಳು ಕಣ್ಣು ಎಡಕ್ಕೆ ಹೊರಳಿಸಿದಳು.

"ಮೂರು ವ್ಯತ್ಯಾಸ ಅದಾವ್ರಿ," ಎಂದರು ನದಾಫ್. "ಮೊದಲನೇದು, ಗುಡ್ಡದ ಹೆಸರು ಹೋಗಿದ್ದು. ಅದಕ್ಕ ಯಂತ್ರ ಮೂರು ಅಂತ ಹೇಳತೈತಿ. ಮೂರು ಜೀವ. ಎರಡನೇದು, ಕೂಗು ಹೋಗಿ ಕೋರಿಕೆ ಬಂದಿದ್ದು. ಅದಕ್ಕ ಸೊನ್ನಿ. ನಮ್ಮ ಮಂದಿಗೆ ಸರ್ಕಾರದ ಮಾತಿನ ರೂಢಿ ಐತಲ್ರಿ, ಅರ್ಥ ಮಾಡ್ಕೊಂಡಾರ."

"ಮೂರನೇದು?"

ನದಾಫ್ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವಂಥ ಧೂಳೇನೂ ಅದರ ಮೇಲಿರಲಿಲ್ಲ.

"ಮೂವತ್ತೆಂಟು."

ದಾಕ್ಷಾಯಣಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಯಾರು ಬಲ್ಲರು ಎಂಬ ಅವಳ ಆಸರೆ ಒಂದೇ ಮಾತಿನಲ್ಲಿ ಮುರಿದುಬಿದ್ದಿತ್ತು.

"ಯಾಕ?" ಎಂದಳು ಕಡೆಗೆ. "ಸಾಲಿಗಽ ಯಾಕ ಹೋದ್ರು ಅವರು? ಭಾನುವಾರ ಇತ್ತಲ್ರೀ. ಬೀಗ ಹಾಕಿತ್ತಲ್ರೀ."

"ಯಂತ್ರಕ್ಕೂ ಮೊದಲ ಅದು ತಿಳೀಲಿಲ್ಲ. ಗುಡ್ಡಕ್ಕ ಹತ್ತು ನಿಮಿಷದ ದಾರಿ, ಎಲ್ಲಾರಿಗೂ ಗೊತ್ತಿದ್ದದ್ದಽ. ಎಷ್ಟು ಸಲ ಓಡಿಸಿದ್ರೂ ನೆರಳೂರಿನ ಮಂದಿ ಅರ್ಧಕ್ಕರ್ಧ ಗುಡ್ಡಕ್ಕಽ ಹೋಗತಿದ್ರು. ನಿಜದಾಗ ಆದದ್ದಕ್ಕೂ ಇದಕ್ಕೂ ತಾಳ ಕೂಡತಿರಲಿಲ್ಲ. ಆಮ್ಯಾಲ ದುರಗವ್ವ ಅನ್ನೂ ಮುದುಕಿ ಹೇಳಿಕಿ ಸಿಕ್ತು. ಸಾಲಿ ಬಾಗಿಲ ತನಕ ಹೋಗಿ, ಆಡು ಬಿಟ್ಟುಬಂದೀನಿ ಅಂತ ಹೊಳ್ಳಿ ಹೋದಾಕಿ. ಅದಕ್ಕಽ ಉಳದಾಳ. ಅಕಿ ಮಾತು ಯಂತ್ರಕ್ಕ ಹಾಕಿದ ಮ್ಯಾಲ ತಾಳ ಕೂಡ್ತು." ನದಾಫ್ ಒಂದು ಹಾಳೆ ಎತ್ತಿಕೊಂಡರು. "ಓದಲಿ?"

ದಾಕ್ಷಾಯಣಿ ತಲೆಯಾಡಿಸಿದಳು.

"'ಮಂದಿ ಎಲ್ಲಾ ಗುಡ್ಡ ಅಂತ ಒಂದಿಷ್ಟು, ಸಾಲಿ ಅಂತ ಒಂದಿಷ್ಟು ಜಗ್ಗಾಡಾಕತ್ತಿದ್ರು. ಸಾಲಿ ತಗ್ಗಿನ್ಯಾಗ ಐತಿ, ಬ್ಯಾಡ ಅಂದೆ ನಾ. ಗೌರಾ ಅಕ್ಕೋರು ಫೋನು ಎತ್ತಿ ತೋರಿಸಿದ್ರು. ಇದು ನಮ್ಮವ್ವ ಬರದದ್ದು, ನಮ್ಮವ್ವನ ಮಾತು ನನಗ ಗೊತ್ತಾಕ್ಕತಿ ಅಂದ್ರು. ಸಾಲಿ ಬ್ಯಾಡಾಗಿದ್ರ ನಮ್ಮವ್ವ ಬರೀತಿದ್ಲು, ನಮ್ಮವ್ವ ಬಿಡಾಕಿ ಅಲ್ಲ ಅಂದ್ರು. ಕೂಸು ಮುದುಕರು ಗುಡ್ಡ ಹತ್ತೂದು ಬ್ಯಾಡ ಅಂತ ಬೀಗ ತಗದ್ರು.'"

ದಾಕ್ಷಾಯಣಿ ಎದ್ದು ನಿಂತಳು. ಎಲ್ಲಿಗೆ ಹೋಗಬೇಕು ತಿಳಿಯದೆ ಮತ್ತೆ ಕೂತಳು. ಅವಳ ಬಾಯಿಂದ "ಯವ್ವಾ... ನನ ಕೂಸಽ" ಎಂಬಷ್ಟೇ ಹೊರಟಿತು. ಆಮೇಲೆ ಬಂದದ್ದು ಮಾತಲ್ಲ. ಈ ಎಂಟು ತಿಂಗಳಲ್ಲಿ ಹೆಣದ ಮುಂದೆ, ನೆಂಟರ ಮುಂದೆ, ಗಂಡನ ಮುಂದೆ ಅಳಬೇಕಾದಷ್ಟು ಅತ್ತಿದ್ದಳು, ಹೀಗೆ ಅತ್ತಿರಲಿಲ್ಲ. ನದಾಫ್ ಅವಳನ್ನು ಸುಮ್ಮನಿರಿಸಲು ಹೋಗಲಿಲ್ಲ. ಕಿಟಕಿಯ ಕಡೆ ತಿರುಗಿ ನಿಂತರು.

ಸ್ವಲ್ಪ ಹೊತ್ತಾದ ಮೇಲೆ ಅವಳು ಮೂಗು ಒರೆಸಿಕೊಂಡು ಕೇಳಿದಳು: "ಆ ಸಾಲು ಇದ್ದಿದ್ರ? ಗೌರಾ?"

"ಸಾವಿರ ಸಲ ಓಡಿಸೀವ್ರಿ. ಒಂಬೈನೂರಾ ಎಪ್ಪತ್ತೊಂದು ಸಲ ಗುಡ್ಡದ ಮ್ಯಾಲ ಅದಾರ."

"ಉಳದ ಇಪ್ಪತ್ತೊಂಬತ್ತು?"

"ಗುಡ್ಡ ಹತ್ತಿ, ಹೊಳ್ಳಿ ಬಂದಾರ್ರಿ. ಸಾಲ್ಯಾಗ ಯಾರರ ಹೊಕ್ಕೊಂಡಾರೇನು ನೋಡಾಕ."

ದಾಕ್ಷಾಯಣಿಯ ಮುಖದಲ್ಲಿ ಅಳುವಿನ ನಡುವೆಯೇ ನಗುವಿನಂಥದೊಂದು ಬಂದುಹೋಯಿತು. "ಹೌದ್ರಿ. ಅಕಿ ಹಂಗಽ. ಜಾತ್ರ್ಯಾಗ ಚಪ್ಪಲಿ ಕಳಕೊಂಡ್ರೂ ಎಲ್ಲಾರ್ದೂ ಹುಡುಕಿ ಕೊಟ್ಟು ತಾ ಬರಿಗಾಲಿಲೆ ಬರಾಕಿ." ಆಮೇಲೆ ಗಟ್ಟಿಯಾಗಿ ಹೇಳಿದಳು: "ಆ ಒಂಬೈನೂರಾ ಎಪ್ಪತ್ತೊಂದರಾಗ ಒಂದು ನನಗ ತೋರಿಸ್ರಿ."

ನದಾಫ್ ಬೇಡವೆಂದು ತಲೆಯಾಡಿಸಿದರು. ಅವಳು ಮತ್ತೆ ಕೇಳಿದಳು. ಅವರು ತೋರಿಸಿದರು.

ಕೆಂಚನಾಳ ಪರದೆಯ ಮೇಲೆ ಅಂಗೈಯಗಲ ಕಂಡಿತು. ಮಂದಿಯೆಂದರೆ ಚುಕ್ಕೆಗಳು. ಹಸಿರು ಚುಕ್ಕೆಯೊಂದನ್ನು ನದಾಫ್ ಬೆರಳಿಟ್ಟು ತೋರಿಸಿದರು. ಮೂರು ಇಪ್ಪತ್ತೊಂದು. ಚುಕ್ಕೆ ಒಂದು ಮನೆಯಿಂದ ಹೊರಗೆ ಬಂತು, ಓಣಿಯಲ್ಲಿ ನಿಂತಿತು, ಅದರ ಸುತ್ತ ಬೇರೆ ಚುಕ್ಕೆಗಳು ಸೇರಿದವು. ಶಾಲೆಯ ಕಡೆ ಒಂದೂ ಹೋಗಲಿಲ್ಲ. ಹಸಿರು ಚುಕ್ಕೆ ಎರಡು ಮನೆಗಳಿಗೆ ಹೋಗಿ ಇಬ್ಬರನ್ನು ಜೊತೆಗೆ ಕರೆದುಕೊಂಡಿತು; ಕಾಲು ಸೋತ ಮುದುಕರಿರಬೇಕು, ಬಹಳ ನಿಧಾನ ನಡೆದವು. ಮೂರು ನಲವತ್ತಾರಕ್ಕೆ ಗುಡ್ಡದ ಬುಡ. ಮೂರು ಐವತ್ತೆಂಟಕ್ಕೆ ನೀಲಿಯ ನೀರು ಶಾಲೆಯ ಮೇಲೆ ಹಾದು ಹೋಯಿತು, ಖಾಲಿ ಶಾಲೆಯ ಮೇಲೆ. ಹಸಿರು ಚುಕ್ಕೆ ಗುಡ್ಡದ ನೆತ್ತಿಯಲ್ಲಿ ಸುಮ್ಮನೆ ನಿಂತಿತ್ತು.

"ಬದುಕಿದ್ಲು," ಎಂದಳು ದಾಕ್ಷಾಯಣಿ, ಆಗಷ್ಟೇ ಸುದ್ದಿ ಬಂದ ಹಾಗೆ.

ನಾಲ್ಕು ಗಂಟೆ ನಾಲ್ಕು ನಿಮಿಷಕ್ಕೆ ಹಸಿರು ಚುಕ್ಕೆಯಿಂದ ಒಂದು ಬಿಳಿ ಗೆರೆ ಹೊರಟು ಪರದೆಯ ಅಂಚಿನಾಚೆ ಹೋಯಿತು.

"ಅದೇನ್ರಿ?"

ನದಾಫ್ ಗೆರೆಯ ಮೇಲೆ ಬೆರಳಿಟ್ಟರು. "ಫೋನ್ ಮಾಡಾಕತ್ತಾರ್ರಿ. ಮಂದಿ ಜೀವ ಉಳದ ಮ್ಯಾಲ ಮೊದಲ ಯಾರಿಗೆ ಫೋನ್ ಹಚ್ತಾರ ಅನ್ನೂದು ಅವರ ಹಳೇ ಕರೆಗಳಿಂದ ಯಂತ್ರ ಕಲ್ತಿರತೈತಿ."

"ಯಾರಿಗೆ ಹಚ್ಯಾಳ?"

"ನಿಮಗಽ ಅವ್ವಾರ."

ದಾಕ್ಷಾಯಣಿಯ ಕೈ ತಾನಾಗಿ ಚೀಲದೊಳಗೆ ಹೋಗಿ ಫೋನು ಹುಡುಕಿತು. ಸಿಕ್ಕಿತು. ಅದನ್ನು ಹೊರಗೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಕೂತಳು. ಬಿಳಿ ಗೆರೆ ಪರದೆಯ ಲೆಕ್ಕದಲ್ಲಿ ಆರು ನಿಮಿಷ ಇತ್ತು. ಆರು ನಿಮಿಷ ಅವರಿಬ್ಬರೂ ಏನು ಮಾತಾಡುತ್ತಿದ್ದರು ಎಂದು ಅವಳು ಎಣಿಸಿದಳು. ಅವ್ವಾ ನಾ ಅರಾಮ ಅದೀನಿ. ಸಾಲಿ ಹೋತವ್ವಾ. ಹೋದ್ರ ಹೋಗ್ಲಿ ಬಿಡಽ, ಕಟ್ಟಡ ಮತ್ತ ಕಟ್ಟಿದ್ರಾತು. ಅಪ್ಪಗ ಹೇಳು.

ನಂತರ ಗೆರೆ ಹೋಯಿತು. ಪರದೆಯಲ್ಲಿ ಆರು ಗಂಟೆಯಾಗುತ್ತಿದ್ದಂತೆ ಊರೂ ಹೋಯಿತು.

"ಮುಂದ?"

"ಇಷ್ಟಽ ಓಡತೈತ್ರಿ. ಆರಕ್ಕ ಮುಗೀತೈತಿ."

"ಇನ್ನೊಂದು ದಿನ ಓಡಸಾಕ ಬರಂಗಿಲ್ಲೇನ್ರಿ? ಸೋಮವಾರ?"

"ಬರಂಗಿಲ್ಲ," ಎಂದರು ನದಾಫ್. "ಈ ಯಂತ್ರ ಕಟ್ಟಿದ್ದು ಹಸ್ತಪ್ರತಿ ಓದಾಕಂತ. ಬರದವರು ಸತ್ತು ಐನೂರು ವರ್ಷ ಆಗಿರತಿತ್ತು, ಯಾರಿಗೂ ನೋವಾಗತಿರಲಿಲ್ಲ. ಹಂಗಽ ಇಟ್ಟಿದ್ರ ಚಲೋ ಇತ್ತು."

ಮುಂದಿನದು ಹೇಳಿಕೆ. ಅದಕ್ಕೆ ವಿಚಾರಣಾ ಕಚೇರಿಯ ಅಧೀಕ್ಷಕರು ಬಂದರು, ದಪ್ಪ ಫೈಲು, ಮೆದು ಮಾತು. ಕಂಪ್ಯೂಟರಿನಲ್ಲಿ 'ಮೇಜು-ನಾಲ್ಕು' ಎಂದಷ್ಟೇ ಇದೆ, ಹೆಸರಿಲ್ಲ ಎಂದು ಅವರೇ ಹೇಳಿದರು. ಅದು ಎಲ್ಲ ಕಚೇರಿಗಳ ಹಣೆಬರಹ: ಮೂವರಿಗೆ ಒಂದೇ ಪಾಸ್‌ವರ್ಡು, ಅದನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿರುವುದು. ಆ ದಿನ ಮೇಜಿನಲ್ಲಿ ದಾಕ್ಷಾಯಣಿ, ಸುಲೋಚನಾ ಕಟ್ಟಿಮನಿ ಇಬ್ಬರಿದ್ದರು. ಸುಲೋಚನಾ 'ನನಗೆ ನೆನಪಿಲ್ಲ' ಎಂದು ಬರೆದುಕೊಟ್ಟು ಹೋಗಿದ್ದಳು.

"ನೀವೂ ನೆನಪಿಲ್ಲ ಅಂತ ಬರದ್ರ ಮುಗೀತು," ಎಂದರು ಅಧೀಕ್ಷಕರು, ಗೋಡೆ ನೋಡುತ್ತಾ. "ಮುದುಕಿ ಹೇಳಿಕಿ ಬರೇ ಇನ್ನೊಬ್ಬರ ಬಾಯಿಂದ ಕೇಳಿದ್ದು, ಸಾಕ್ಷಿ ಆಗಂಗಿಲ್ಲ. ಮೇಜಿನ ಮ್ಯಾಲ ತಪ್ಪು ಬಿಡತೈತಿ. ಮೇಜಿಗೇನು, ನೋವಿಲ್ಲ ನರಳಿಲ್ಲ."

"ಹನಮಪ್ಪ?"

"ಅಂವಾ ಬರದಿದ್ದ ಅಂತ ತಾಳೆ ತೋರಸೇತಿ. ಆದ್ರ ಅಳಿಸಿದವರು ಸಿಗೋ ತನಕ ಅವನ ಫೈಲು ಮುಚ್ಚಂಗಿಲ್ಲ, ಅದು ನಿಯಮ."

ದಾಕ್ಷಾಯಣಿ ಕಾಗದ ಎಳೆದುಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕರಡು ಮಾಡದೆ, ನೇರ್ಪು ಮಾಡದೆ, ಬಾಯಿಗೆ ಬಂದದ್ದನ್ನು ಬಂದ ಹಾಗೆ ಬರೆದಳು: 'ಆ ಸಾಲು ತೆಗೆದವಳು ನಾನು. ಹನಮಪ್ಪ ಸರಿಯಾಗಿ ಬರೆದಿದ್ದ. ಸುಲೋಚನಾ ಊಟಕ್ಕೆ ಹೋಗಿದ್ದಳು. ನನ್ನ ಮಗಳ ಶಾಲೆಗೆ ಕೆಟ್ಟ ಹೆಸರು ಬರಬಾರದು ಅಂತ ತೆಗೆದೆ. ನನ್ನ ಮಗಳು ನನ್ನ ಮಾತು ನಂಬಿ ಸತ್ತಳು. ನಲವತ್ತು ಮಂದಿ ಅವಳ ಮಾತು ನಂಬಿ ಸತ್ತರು.'

ಅಧೀಕ್ಷಕರು ಓದಿ, ಪೆನ್ನು ತೆಗೆದರು. "ಮೇಡಂ, ಮಗಳ ವಿಷಯ ಬ್ಯಾಡ್ರಿ. ಫೈಲಿನ್ಯಾಗ ಚಂದ ಕಾಣಂಗಿಲ್ಲ. ಸ್ವಲ್ಪ ತಿದ್ದಿ ಕೊಡ್ತೀನಿ."

"ಮುಟ್ಟಬ್ಯಾಡ್ರಿ," ಎಂದಳು ದಾಕ್ಷಾಯಣಿ. ಆ ಧ್ವನಿಗೆ ಅವರು ಪೆನ್ನು ಕೆಳಗಿಟ್ಟರು.

ಮರುದಿನ ಮಧ್ಯಾಹ್ನ ಅವಳು ಹೊಸಕೇರಿಗೆ ಬಂದಾಗ ಶೇಖಪ್ಪ ಮಷಿನ್ ಮುಂದೆ ಕೂತಿದ್ದ. ಅಂಗಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದವನು ಸೂಜಿ ಹಿಡಿದೇ ತಲೆಯೆತ್ತಿದ. ಬುತ್ತಿ ಚೀಲ ಹಗುರಾಗಿರಲಿಲ್ಲ ಎಂಬುದನ್ನು ನೋಡಿದ.

"ಉಂಡಿಲ್ಲ?"

"ಇಲ್ಲ."

"ಹೆಸರು ಸಿಕ್ತೇನು?"

ಅವಳು ಕಟ್ಟೆಯ ಮೇಲೆ ಕೂರಲಿಲ್ಲ. ನಿಂತೇ, ಚೀಲದಿಂದ ತಾಳೆಯ ಹಾಳೆ ತೆಗೆದಳು. ಎಡಕ್ಕೆ ಹನಮಪ್ಪನದು, ಬಲಕ್ಕೆ ತನ್ನದು. ಓದಿ ಹೇಳಬೇಕೆಂದು ದಾರಿಯುದ್ದಕ್ಕೂ ಸಜ್ಜಾಗಿದ್ದಳು. ಬಾಯಿ ತೆರೆದಾಗ ಬಂದದ್ದು ಬೇರೆ.

"ನಾನಽ ರೀ," ಎಂದಳು. "ಚಹಾಕ್ಕ ಎದ್ದಿರಲಿಲ್ಲ. ಸುಳ್ಳು ಹೇಳಿದೆ. ಅಲ್ಲೇ ಕುಂತಿದ್ದೆ. ಈ ಕೈಲೇ ಅಳಿಸಿದೆ."

ಆಮೇಲೆ ಒಂದೊಂದಾಗಿ ಎಲ್ಲ ಹೇಳಿದಳು. ಜುಲೈ ತಿಂಗಳಿನದು, ಎಂಗೇಜ್ ಬಂದ ಫೋನು, ದುರಗವ್ವನ ಹೇಳಿಕೆ, ಒಂಬೈನೂರಾ ಎಪ್ಪತ್ತೊಂದು. ಗುಡ್ಡದ ಮೇಲಿಂದ ಬಂದ ಬಿಳಿ ಗೆರೆಯನ್ನೂ ಬಿಡಲಿಲ್ಲ. ಸೂಜಿ ಶೇಖಪ್ಪನ ಬೆರಳಿಗೆ ಚುಚ್ಚಿ ರಕ್ತ ಬಂದಿತ್ತು, ಬಿಳಿ ಅಂಗಿಯ ಕಾಜಾಕ್ಕೆ ಹತ್ತಿತ್ತು, ಅದೂ ಅವನಿಗೆ ಗೊತ್ತಾಗಲಿಲ್ಲ. ಅವಳು ಮುಗಿಸಿದ ಮೇಲೆ ಬಹಳ ಹೊತ್ತು ಅವಳ ಬಲಗೈಯನ್ನೇ ನೋಡಿದ.

ಬೈಯಲಿ, ಹೊಡೆಯಲಿ, ಹೊರಗೆ ಹಾಕಲಿ ಎಂದು ಅವಳು ಕಾದಳು. ಅವನು ಕೇಳಿದ್ದು ಮಾತ್ರ ಅವಳು ಎಣಿಸಿರದ ಮಾತು.

"ಅಂವಾ ಏನಂತ ಬರದಿದ್ದ? ಹನಮಪ್ಪ? ಓದು."

ಅವಳು ಹಾಳೆ ನೋಡುತ್ತಾ ಓದಿದಳು. "ಕೆಂಚನಾಳದವರೇ, ಒಡ್ಡು ಬಿರಿದೈತಿ. ಇದ್ದದ್ದು ಇದ್ದಂಗ ಬಿಟ್ಟು ಜೋಗಪ್ಪನ ಗುಡ್ಡ ಹತ್ರಿ. ಸಾಲಿ ಕಡೆ ಹೋಗಬ್ಯಾಡ್ರಿ."

"ಕಡೀ ಮಾತು ಇನ್ನೊಮ್ಮೆ."

"ಸಾಲಿ ಕಡೆ ಹೋಗಬ್ಯಾಡ್ರಿ."

"ಇನ್ನೊಮ್ಮೆ ಓದು."

ಅವಳಿಂದ ಆಗಲಿಲ್ಲ. ಶೇಖಪ್ಪ ಎದ್ದ. ಮೊಣಕಾಲಿನ ಮೇಲಿದ್ದ ಬಟ್ಟೆ ನೆಲಕ್ಕೆ ಬಿತ್ತು. ಬರಿಗಾಲಲ್ಲಿ ಪಡಸಾಲೆ ದಾಟಿ, ಮೆಟ್ಟಿಲಿಳಿದು, ಬಿಸಿಲು ಸುರಿಯುತ್ತಿದ್ದ ರಸ್ತೆಯ ನಡುವೆ ಹೋಗಿ ನಿಂತ. ಕೆಂಚನಾಳಕ್ಕೆ ಹೋಗುವ ಬಸ್ಸು ತಿರುಗುವ ಕಡೆಗೆ ಮುಖ ಮಾಡಿದ. ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ದೂರದ ಹೊಲದಲ್ಲಿರುವವರನ್ನು ಕೂಗುವ ಹಾಗೆ ಕೂಗಿದ:

"ಗೌರಾ! ಸಾಲಿ ಕಡೆ ಹೋಗಬ್ಯಾಡವಾ! ಗುಡ್ಡ ಹತ್ತು! ನನ ಕೂಸಽ, ಸಾಲಿ ಕಡೆ ಹೋಗಬ್ಯಾಡಽ!"

ಅಕ್ಕಪಕ್ಕದವರು ಹೊರಗೆ ಬಂದರು. ಎದುರಿನ ಕಿರಾಣಿ ಅಂಗಡಿಯವರು ತಕ್ಕಡಿ ಹಾಗೇ ಬಿಟ್ಟು ಓಡಿಬಂದರು. ಶೇಖಪ್ಪ ಯಾರನ್ನೂ ನೋಡಲಿಲ್ಲ, ಮತ್ತೆ ಮತ್ತೆ ಕೂಗಿದ. ದಾಕ್ಷಾಯಣಿ ಮೆಟ್ಟಿಲಿಳಿದು ಬಂದು ಅವನ ಪಕ್ಕ ನಿಂತಳು. ತಡೆಯಲು ಕೈ ಎತ್ತಿದವಳು ಕೆಳಗಿಳಿಸಿದಳು. ಆಮೇಲೆ ತಾನೂ ಆ ದಾರಿಯ ಕಡೆ ಮುಖ ಮಾಡಿ, ಎಂಟು ತಿಂಗಳ ಹಿಂದೆ ಅಳಿಸಿದ ಆ ಮಾತನ್ನು ಅವನ ಜೊತೆ ಕೂಗತೊಡಗಿದಳು.